ಬಾಣಕ್ಕೆ ಹಕ್ಕಿ ಗರಿನಾ, ಪ್ಲಾಸ್ಟಿಕ್ ವೇನಾ? ಮಲೆನಾಡಿನ ಬಿಲ್ಲುಗಾರರು ಪದೇ ಪದೇ ಕೇಳೋ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರ ಈ ಕಡೆ ಬಿಲ್ಲು ಹಿಡಿಯೋ ಹುಡುಗರು ಈಗೀಗ ಜಾಸ್ತಿ ಆಗಿದಾರೆ, ತೋಟದ ಬದಿಯಲ್ಲಿ ಫೋಮ್‌ನ ಜಿಂಕೆ, ಹಂದಿ ಬೊಂಬೆ ನಿಲ್ಲಿಸ್ಕೊಂಡು 3ಡಿ ಪ್ರಾಕ್ಟೀಸ್ ಮಾಡೋರು ಇದಾರೆ. ಇನ್ನೊಂದು ಗುಂಪು ನಮ್ಮೂರಿಂದ ಹೋಗಿ ಅಮೆರಿಕದಲ್ಲಿ ಇರೋರು, ಅಲ್ಲಿ ಲೈಸೆನ್ಸ್ ತಗೊಂಡು ಬಿಲ್ಲಲ್ಲಿ ಜಿಂಕೆ ಬೇಟೆಗೆ ಹೋಗ್ತಾರೆ, ದೀಪಾವಳಿಗೆ ಊರಿಗೆ ಬಂದಾಗ ಬಾಣದ ಡಬ್ಬಿ ಬಿಚ್ಚಿಟ್ಕೊಂಡು ಕೂರ್ತಾರೆ. ಎರಡೂ ಕಡೆಯವರು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ, ಬಾಣದ ಬಾಲಕ್ಕೆ ಹಕ್ಕಿ ಗರಿ ಅಂಟಿಸೋದಾ, ಅದೇ ಕೆಲಸ ಮಾಡೋ ಪ್ಲಾಸ್ಟಿಕ್ ರೆಕ್ಕೆ ಅಂದ್ರೆ ವೇನ್ ಅಂಟಿಸೋದಾ ಅಂತ, ಹಾಗಾಗಿ ಒಂದೇ ಕಡೆ ಬರ್ದಿದೀನಿ.

ಬೇರೆ ಎಲ್ಲಕ್ಕಿಂತ ಮೊದಲು: ಇಲ್ಲಿ ಬಿಲ್ಲಲ್ಲಿ ಬೇಟೆ ಆಡಬಹುದಾ?

ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972 ರ ಪ್ರಕಾರ ಭಾರತದಲ್ಲಿ ಕಾಡುಪ್ರಾಣಿ ಬೇಟೆ ಅಪರಾಧ, ಕೋವಿ ಆದ್ರೂ ಅಷ್ಟೇ ಬಿಲ್ಲಾದ್ರೂ ಅಷ್ಟೇ ಉರುಳಾದ್ರೂ ಅಷ್ಟೇ. 2022 ರ ತಿದ್ದುಪಡಿ ಆದ್ಮೇಲೆ ಶೆಡ್ಯೂಲ್ 1 ರ (ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿಯ) ಪ್ರಾಣಿ ಹೊಡೆದ್ರೆ 3 ರಿಂದ 7 ವರ್ಷ ಜೈಲು. "ಅಡಿಕೆ ತೋಟಕ್ಕೆ ಹಂದಿ ನುಗ್ಗತ್ತೆ, ಬಿಲ್ಲಲ್ಲಾದ್ರೆ ಸದ್ದಾಗಲ್ಲ ಅಲ್ವಾ" ಅಂತ ಕೇಳೋರಿಗೂ ಇದೇ ಉತ್ತರ. ಕಾಡುಹಂದಿ ಈಗ ಶೆಡ್ಯೂಲ್ 2 ರಲ್ಲಿದೆ, ಅದೂ ರಕ್ಷಿತ ಪ್ರಾಣಿನೇ. ಬೆಳೆ ಹಾನಿ ಆದ್ರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಪರಿಹಾರ ಕೇಳಿ, ನೀವಾಗಿ ಬಿಲ್ಲು ಹಿಡ್ಕೊಂಡು ರಾತ್ರಿ ತೋಟಕ್ಕೆ ಇಳಿಯೋ ಹಾಗಿಲ್ಲ.

ಹಾಗಾದ್ರೆ ಈ ಪುಟದಲ್ಲಿ ಬೇಟೆ ವಿಷಯ ಯಾಕೆ ಅಂದ್ರೆ, 3ಡಿ ಆರ್ಚರಿ ಅನ್ನೋದು ಹುಟ್ಟಿದ್ದೇ ಬೇಟೆಗೆ ಪ್ರಾಕ್ಟೀಸ್ ಅಂತ, ಬಾಣದ ಲೆಕ್ಕ ಎಲ್ಲ ಅಲ್ಲಿಂದಲೇ ಬಂದಿರೋದು. ಹೊರದೇಶದಲ್ಲಿ ಇರೋರು ಅಲ್ಲಲ್ಲಿನ ಕಾನೂನು ಓದ್ಕೊಳ್ಳಿ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಸೀಸನ್, ಒಂದೊಂದು ರೂಲ್ಸ್. ಇಂಗ್ಲೆಂಡಲ್ಲಿ ಬಿಲ್ಲಲ್ಲಿ ಕಾಡುಪ್ರಾಣಿ ಹೊಡೆಯೋದಕ್ಕೇ ನಿಷೇಧ ಇದೆ, 1981 ರ ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರ್ದಿದಾರೆ, ಹಾಗಾಗಿ ಲಂಡನ್ನಿನ ಭಾವ ಹೋಗ್ತೀನಿ ಅಂದ್ರೆ ಬೇಡ ಅನ್ನಿ.

ಬಾಣದ ಹಿಂದೆ ಗರಿ ಏನ್ ಕೆಲಸ ಮಾಡತ್ತೆ?

ಹಿಂದಕ್ಕೆ ಎಳೆಯತ್ತೆ, ಅಷ್ಟೇ. ಗಾಳಿಪಟದ ಬಾಲಂಗೋಚಿ ಇದ್ದ ಹಾಗೆ, ಬಾಲ ಎಳೆದಷ್ಟೂ ತಲೆ ನೆಟ್ಟಗಿರತ್ತೆ. ಬಿಟ್ಟ ತಕ್ಷಣ ಬಾಣ ನೆಟ್ಟಗೆ ಹೋಗಲ್ಲ, ಹಿಂದಿನಿಂದ ದಾರ ಒತ್ತಿದ ಹೊಡೆತಕ್ಕೆ ನಡುವಲ್ಲಿ ಬಾಗಿ ಅತ್ತಿತ್ತ ಮೀನಿನ ಥರ ಬಳುಕ್ತಾ ಹೋಗತ್ತೆ, ಆ ಬಳುಕನ್ನ ಬೇಗ ನಿಲ್ಸಿ ಮೊನೆ ಮುಂದೆ ಬಾಲ ಹಿಂದೆ ಇರೋ ಹಾಗೆ ಮಾಡೋದು ಗರಿ. ಸ್ವಲ್ಪ ಓರೆಯಾಗಿ ಅಂಟಿಸಿದ್ರೆ ಬಾಣ ಸುತ್ತತ್ತೆ ಕೂಡ, ಸುತ್ತಿದ್ರೆ ಶಾಫ್ಟಿನ (ಬಾಣದ ಕಡ್ಡಿಯ) ಸಣ್ಣಪುಟ್ಟ ಸೊಟ್ಟ ಒಂದೇ ಕಡೆ ಎಳೆಯೋದು ತಪ್ಪತ್ತೆ.

ಒಂದೇ ಮಾತಲ್ಲಿ ಹೇಳಿ, ಗರಿ ತಗೊಳ್ಲಾ ವೇನ್ ತಗೊಳ್ಲಾ?

ನಿಮ್ಮ ಬಿಲ್ಲಿನ ರೆಸ್ಟ್, ಅಂದ್ರೆ ಬಾಣ ಕೂರೋ ಜಾಗ, ನೋಡಿ. ಎಲ್ಲರೂ ಬಣ್ಣ ನೋಡ್ತಾರೆ, ಬ್ರಾಂಡ್ ನೋಡ್ತಾರೆ, ಯೂಟ್ಯೂಬ್ ನೋಡ್ತಾರೆ, ರೆಸ್ಟ್ ನೋಡಲ್ಲ. ಬಾಣ ಬಿಲ್ಲಿನ ಪಕ್ಕ ಹಾದು ಹೋಗುವಾಗ ಬಾಲ ಯಾವುದಕ್ಕಾದ್ರೂ ತಾಗತ್ತಾ ಇಲ್ವಾ ಅನ್ನೋದರ ಮೇಲೇ ಮುಕ್ಕಾಲು ಪಾಲು ತೀರ್ಮಾನ ಆಗ್ಬಿಡತ್ತೆ.

ಲಾಂಗ್‌ಬೋ (ಉದ್ದನೆ ಸಾದಾ ಬಿಲ್ಲು) ಅಥವಾ ಸಾದಾ ರೀಕರ್ವ್ (ತುದಿ ಮುಂದಕ್ಕೆ ಬಾಗಿರೋ ಬಿಲ್ಲು) ಇಟ್ಕೊಂಡು ಬಾಣನ ಹಿಡಿಯ ಮೇಲಿನ ಶೆಲ್ಫಿನ ಮೇಲೇ ಇಟ್ಟು ಬಿಡೋರಿಗೆ ಹಕ್ಕಿ ಗರಿನೇ ಬೇಕು, ಬೇರೆ ದಾರಿ ಇಲ್ಲ. ಹಕ್ಕಿ ಗರಿ ತಾಗಿದ ತಕ್ಷಣ ಮಡಚ್ಕೊಂಡು ಹಾದು ಹೋಗಿ ಮತ್ತೆ ನೆಟ್ಟಗಾಗತ್ತೆ. ಪ್ಲಾಸ್ಟಿಕ್ ವೇನ್ ಹಾಗೆ ಮಡಚಲ್ಲ, ಶೆಲ್ಫಿಗೆ ಹೊಡ್ಕೊಂಡು ಬಾಣದ ಬಾಲನೇ ಎತ್ತಿ ಎಸೆಯತ್ತೆ, ಆಮೇಲೆ "ನನ್ನ ರಿಲೀಸ್ ಸರಿ ಇಲ್ವೇನೋ" ಅಂತ ತಿಂಗಳುಗಟ್ಟಲೆ ತಲೆ ಕೆಡಿಸ್ಕೊಳ್ತಾರೆ ಪಾಪ.

ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಗಾಲಿ, ಕೇಬಲ್ ಇರೋದು), ಬಾಣ ಬಿಟ್ಟ ಕೂಡಲೇ ಕೆಳಗೆ ಬೀಳೋ ಡ್ರಾಪ್ ಅವೇ ರೆಸ್ಟ್ ಇದ್ರೆ ಯಾವುದಕ್ಕೂ ತಾಗಲ್ಲ, ಯಾವುದು ಬೇಕಾದ್ರೂ ಹಾಕಿ, ನಾನಂತೂ ವೇನ್ ಹಾಕಿ ಅಂತೀನಿ. ಇನ್ನು ಬ್ರಷ್ ಥರ ಸುತ್ತ ಕೂದಲಿರೋ ವಿಸ್ಕರ್ ಬಿಸ್ಕೆಟ್ ರೆಸ್ಟ್, ಅದರೊಳಗೆ ಹಕ್ಕಿ ಗರಿ ಬಿಟ್ರೆ ಬೇಗ ಸವೆದು ಚಿಂದಿ ಆಗತ್ತೆ. ಅದಕ್ಕೆ ಗಟ್ಟಿಯಾಗಿ ನಿಲ್ಲೋ ಗಿಡ್ಡ ವೇನ್ ಸರಿ, ಉದ್ದ ಇದ್ದು ಬಳುಕೋ ಮೆತ್ತನೆ ವೇನ್ ಆ ಕೂದಲಲ್ಲಿ ಮಡಚಿ ಸುಕ್ಕಾಗತ್ತೆ.

ನಮ್ಮ ಮಳೆಗೆ ಹಕ್ಕಿ ಗರಿ ತಡೆಯತ್ತಾ?

ತಡೆಯಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಹೊಸನಗರ, ತೀರ್ಥಹಳ್ಳಿ ಕಡೆನೂ ಆರಿದ್ರಾ ಪುನರ್ವಸು ಹಿಡಿದ್ರೆ ಬಿಡೋ ಮಾತೇ ಇಲ್ಲ. ನೆನೆದ ಗರಿ ಶಾಫ್ಟಿಗೆ ಅಂಟ್ಕೊಂಡು ಮಲಗ್ಬಿಡತ್ತೆ, ಎತ್ತರ ಹೋಯ್ತು ಅಂದ್ರೆ ಎಳೆತ ಹೋಯ್ತು, ಜೊತೆಗೆ ನೀರು ಕುಡಿದು ಬಾಲ ಭಾರ ಬೇರೆ. ಆಗ ಮುಂದೆ ಬ್ರಾಡ್‌ಹೆಡ್ (ಬ್ಲೇಡ್ ಇರೋ ಬೇಟೆ ಮೊನೆ) ಇದ್ರೆ ಬಾಣ ಎತ್ತ ಹೋಗತ್ತೆ ಅಂತ ಬಿಟ್ಟೋನಿಗೇ ಗೊತ್ತಿರಲ್ಲ.

ಗರಿಗೆ ನೀರು ಹಿಡಿಯದ ಹಾಗೆ ಹಾಕೋ ಪುಡಿ ಸಿಗತ್ತೆ, ಸಿಲಿಕಾನ್ ಸ್ಪ್ರೇ ಕೂಡ ಹೊಡೀತಾರೆ. ಪುಡಿನ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬಾಣದ ಬಾಲ ಅದರೊಳಗಿಟ್ಟು ಅಲ್ಲಾಡಿಸಿದ್ರೆ ಎಲ್ಲ ಕಡೆ ಕೂರತ್ತೆ. ಇಬ್ಬನಿಗೆ, ತುಂತುರಿಗೆ, ಅರ್ಧ ಗಂಟೆ ಜಿನುಗಿಗೆ ಅದು ಸಾಕು. ಜಡಿಮಳೆಗೆ ಸಾಲಲ್ಲ. ಅಮೆರಿಕದವರು ಬರೆದಿದ್ದನ್ನ ಓದಿ "ಪುಡಿ ಹಾಕಿದ್ರೆ ಮಳೇಲೂ ನಡೆಯತ್ತೆ" ಅಂತ ಹೇಳೋರಿದಾರೆ, ಅವರ ಮಳೆ ಬೇರೆ ನಮ್ಮ ಮಳೆ ಬೇರೆ ಮಾರಾಯ್ರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಯಲಲ್ಲಿ ಪ್ರಾಕ್ಟೀಸ್ ಮಾಡೋರು ವೇನ್ ಹಾಕಿದ ಸೆಟ್ ಒಂದು ಬೇರೆ ಇಟ್ಕೊಳ್ಳಿ. ಶೆಲ್ಫ್ ಮೇಲಿಂದ ಬಿಡೋರಿಗೆ ಅದೂ ಆಗಲ್ಲ, ಅವರು ಕೊಟ್ಟಿಗೆ ಮಾಡಿನ ಕೆಳಗೋ ಅಡಿಕೆ ಚಪ್ಪರದಡಿಗೋ ನಿಂತು ಹತ್ತಿರದ ಗುರಿಗೆ ಬಿಡೋದೇ ಒಳ್ಳೇದು, ಕೈ ತಪ್ಪಬಾರದು ಅಷ್ಟೇ.

ಮಳೆಗಿಂತ ಜಾಸ್ತಿ ಗರಿ ಹಾಳು ಮಾಡೋದು ಥಂಡಿ. ಶೀತ ಹೊಡೆದು ಬೂಸ್ಟು ಹಿಡಿಯತ್ತೆ, ಬಟ್ಟೆ ತಿನ್ನೋ ಹುಳನೇ ಗರಿನೂ ತಿನ್ನತ್ತೆ, ಆಷಾಢದಲ್ಲಿ ಮೂಲೆಗಿಟ್ಟ ಬಾಣ ನವರಾತ್ರಿಗೆ ತೆಗೆದು ನೋಡಿದ್ರೆ ಬರೀ ಕಡ್ಡಿ ಉಳಿದಿರತ್ತೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಬಿಸಿಲು ಕಂಡ ದಿನ ಒಂದು ಸಲ ಹೊರಗೆ ಹರವಿ. ಬಚ್ಚಲ ಒಲೆ ಮೇಲೆ ಕಟ್ಟೋದು ಬೇಡ, ಮರದ ಶಾಫ್ಟ್ ಸೊಟ್ಟ ಆಗತ್ತೆ, ಕಾರ್ಬನ್ ಶಾಫ್ಟಾದ್ರೆ ಒಳಗಿನ ಇನ್ಸರ್ಟಿನ (ಮೊನೆ ತಿರುಪಿ ಕೂರಿಸೋ ತುಂಡಿನ) ಅಂಟು ಬಿಡತ್ತೆ.

ತೂಕದಲ್ಲಿ ಅಷ್ಟೊಂದು ವ್ಯತ್ಯಾಸ ಇದ್ಯಾ?

ಇದೆ, ಮತ್ತೆ ಅದು ಸಣ್ಣದಲ್ಲ. ಬಾಣದ ತೂಕ ಗ್ರೇನ್ ಲೆಕ್ಕದಲ್ಲಿ ಹೇಳ್ತಾರೆ, ಒಂದು ಗ್ರಾಂ ಅಂದ್ರೆ ಸುಮಾರು 15.4 ಗ್ರೇನ್. ನಾಲ್ಕು ಇಂಚಿನ ಟರ್ಕಿ ಗರಿ ಮೂರು ಸೇರಿ 8 ಗ್ರೇನ್ ಆಸುಪಾಸು. ಬೇಟೆಯವರು ತುಂಬ ಬಳಸೋ ಬೋನಿಂಗ್ ಬ್ಲೇಜರ್ ಅನ್ನೋ ಎರಡಿಂಚಿನ ವೇನ್ ಮೂರು ಸೇರಿ 18 ಆಸುಪಾಸು. ಹತ್ತು ಗ್ರೇನ್ ಅಂದ್ರೆ ಒಂದು ಗ್ರಾಮೂ ಇಲ್ಲ, ಏನ್ ಮಹಾ ಅನ್ಸತ್ತೆ. ಆದ್ರೆ ಅದು ಕೂರೋದು ಬಾಣದ ಕಟ್ಟಕಡೆಯಲ್ಲಿ, ಅಲ್ಲೇ ಇರೋದು ವಿಷಯ.

ಲೆಕ್ಕ ಹಾಕಿ ನೋಡಿ. ಬಾಣನ ಬೆರಳ ಮೇಲೆ ತೂಗಿಸಿ ಸಮ ನಿಲ್ಲೋ ಜಾಗ ಗುರುತು ಮಾಡಿ, ನಾಕಿನ (ದಾರಕ್ಕೆ ಸಿಕ್ಕಿಸೋ ಬಾಲದ ತುದಿಯ) ಗುಂಡಿಯಿಂದ ಅಲ್ಲಿಗೆ ಎಷ್ಟಿಂಚು ಅಂತ ಅಳೆದು ಒಟ್ಟು ಉದ್ದದಿಂದ ಭಾಗಿಸಿ, ಅದರಲ್ಲಿ 0.5 ಕಳೆದು ನೂರರಿಂದ ಗುಣಿಸಿದ್ರೆ ಎಫ್‌ಒಸಿ, ಅಂದ್ರೆ ಮುಂದಿನ ಕಡೆ ಎಷ್ಟು ಭಾರ ಇದೆ ಅನ್ನೋ ಶೇಕಡಾ ಲೆಕ್ಕ ಬರತ್ತೆ. 28 ಇಂಚಿನ ಬಾಣ, 17.5 ಇಂಚಿಗೆ ತೂಗ್ತು ಅಂದ್ರೆ 12.5. ಬೇಟೆ ಬಾಣಕ್ಕೆ 10 ರಿಂದ 15 ಒಳಗಿರ್ಲಿ ಅಂತಾರೆ. ಈಗ 400 ಗ್ರೇನಿನ ಅದೇ ಬಾಣಕ್ಕೆ ಬಾಲದಲ್ಲಿ ಹತ್ತು ಗ್ರೇನ್ ಸೇರಿಸಿ, ತೂಗೋ ಜಾಗ ಸುಮಾರು 0.4 ಇಂಚು ಹಿಂದೆ ಬರತ್ತೆ, 12.5 ಇದ್ದದ್ದು 11 ಕ್ಕೆ ಇಳಿಯತ್ತೆ. ಇದನ್ನ ಸರಿ ಮಾಡೋಕೆ ಮುಂದಿನ ಮೊನೆ ಭಾರ ಮಾಡ್ತಾರೆ, ಮೊನೆ ಭಾರ ಆದ್ರೆ ಶಾಫ್ಟ್ ಇನ್ನೂ ಜಾಸ್ತಿ ಬಾಗತ್ತೆ, ಸ್ಪೈನ್ (ಶಾಫ್ಟ್ ಎಷ್ಟು ಬಾಗತ್ತೆ ಅನ್ನೋ) ಲೆಕ್ಕ ಮತ್ತೆ ಮೊದಲಿಂದ. ಹಾಗಾಗಿ ಗರಿಯಿಂದ ವೇನಿಗೆ ಬದಲಾಯಿಸಿದ ದಿನ ಹಳೇ ಸೈಟ್ (ಗುರಿ ನೋಡೋ ಸಾಧನ) ಸೆಟ್ಟಿಂಗ್ ನಂಬಬೇಡಿ.

ಗರಿ ಹಗುರ ಆದ್ರೂ ಗಾಳಿನ ಜಾಸ್ತಿ ಹಿಡಿಯತ್ತೆ. ಹೊರಡುವಾಗ ಒಂದು ಕೂದಲೆಳೆ ಜೋರು, ದೂರ ಹೋದ ಹಾಗೆ ನಿಧಾನ. ಇಪ್ಪತ್ತು ಮೂವತ್ತು ಗಜದಲ್ಲಿ ಇದು ಲೆಕ್ಕಕ್ಕೇ ಬರಲ್ಲ, ಐವತ್ತು ಅರವತ್ತರಲ್ಲಿ ಬಾಣ ಬೀಳೋದು ಕಾಣ್ಸತ್ತೆ.

ಮುಂದೆ ಬ್ರಾಡ್‌ಹೆಡ್ ಹಾಕಿದ್ರೆ ಹಿಂದೆ ಎಷ್ಟು ದೊಡ್ಡ ಗರಿ ಬೇಕು?

ಇದು ಬೇಟೆಗೆ ಹೋಗೋರಿಗೆ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ, ದಯವಿಟ್ಟು ಅವಸರದಲ್ಲಿ ಓದಬೇಡಿ.

ಪ್ರಾಕ್ಟೀಸಿಗೆ ಹಾಕೋ ಫೀಲ್ಡ್ ಪಾಯಿಂಟ್ ಮೊನೆ ನುಣುಪಾಗಿ ಗಾಳಿ ಸೀಳ್ಕೊಂಡು ಹೋಗತ್ತೆ. ಬ್ಲೇಡ್ ಹೊರಗೇ ಚಾಚಿರೋ ಫಿಕ್ಸೆಡ್ ಬ್ರಾಡ್‌ಹೆಡ್ ಹಾಗಲ್ಲ, ಬಾಣದ ಮುಂದೆನೂ ಒಂದು ಜೊತೆ ರೆಕ್ಕೆ ಕಟ್ಟಿದ ಹಾಗಾಯ್ತು. ಬಾಣ ಸ್ವಲ್ಪ ಓರೆಯಾಗಿ ಹೊರಟ್ರೂ ಮುಂದಿನ ರೆಕ್ಕೆ ಗಾಳಿ ಹಿಡಿದು ಆ ಓರೆನ ಇನ್ನೂ ಜಾಸ್ತಿ ಮಾಡತ್ತೆ, ಹಿಂದಿನ ಗರಿ ಅದನ್ನ ಮೀರಿ ಎಳೀಬೇಕು. ಹಿಂದಿನ ಎಳೆತ ಸೋತ್ರೆ ಬಾಣ ಎಲ್ಲೋ. ಗುರಿ ಫೋಮ್ ಆದ್ರೆ ನಾಲ್ಕು ಪಾಯಿಂಟ್ ಹೋಗತ್ತೆ, ಜೀವ ಇರೋ ಪ್ರಾಣಿ ಆದ್ರೆ ಶ್ವಾಸಕೋಶಕ್ಕೆ ಬೀಳಬೇಕಾದ್ದು ಹೊಟ್ಟೆಗೆ ಬೀಳತ್ತೆ, ಅದು ಗಂಟೆಗಟ್ಟಲೆ ನರಳತ್ತೆ. ಬೇಟೆ ಆಡ್ತೀನಿ ಅನ್ನೋನು ಈ ನರಳಾಟ ಆಗದ ಹಾಗೆ ನೋಡ್ಕೊಳ್ಳೋ ಜವಾಬ್ದಾರಿ ತಗೊಂಡೇ ಬಿಲ್ಲು ಎತ್ಬೇಕು.

ಸುಮಾರಾಗಿ ಹೇಳೋದಾದ್ರೆ, ಸಾದಾ ಬಿಲ್ಲಲ್ಲಿ ಫಿಕ್ಸೆಡ್ ಬ್ರಾಡ್‌ಹೆಡ್ ಬಿಡೋರು ನಾಲ್ಕರಿಂದ ಐದಿಂಚಿನ ಗರಿ ಮೂರು ಹಾಕಿ ಹೆಲಿಕಲ್ ಕೊಡಿ, ಅಂದ್ರೆ ಶಾಫ್ಟ್ ಸುತ್ತ ತಿರುಚಿದ ಹಾಗೆ ಅಂಟಿಸಿ. ಕಾಂಪೌಂಡಿನವರಿಗೆ ಎರಡಿಂಚಿನ ಎತ್ತರದ ವೇನ್ ಹೆಲಿಕಲ್ ಕೊಟ್ಟು ಅಂಟಿಸಿದ್ರೆ ಸಾಮಾನ್ಯವಾಗಿ ಸಾಕಾಗತ್ತೆ, ಬ್ಲೇಡ್ ಅಗಲ ಇದ್ರೆ ಮೂರಿಂಚಿಗೆ ಹೋಗಿ ಅಥವಾ ನಾಲ್ಕು ವೇನ್ ಹಾಕಿ. ತಾಗಿದ ಮೇಲೆ ಬಿಚ್ಚಿಕೊಳ್ಳೋ ಮೆಕ್ಯಾನಿಕಲ್ ಬ್ರಾಡ್‌ಹೆಡ್ ಹಾರುವಾಗ ಮುಚ್ಚಿರತ್ತೆ, ಅದಕ್ಕೆ ಸಣ್ಣ ವೇನ್ ನಡೆಯತ್ತೆ.

ಯಾರ ಮಾತೂ ಕೇಳಬೇಡಿ, ನನ್ನದೂ ಕೇಳಬೇಡಿ, ಪರೀಕ್ಷೆ ಮಾಡಿ. ಅದೇ ತೂಕದ ಫೀಲ್ಡ್ ಪಾಯಿಂಟ್ ಹಾಕಿದ ಬಾಣ ಕೆಲವು, ಬ್ರಾಡ್‌ಹೆಡ್ ಹಾಕಿದ ಬಾಣ ಕೆಲವು, ನೀವು ನಿಜವಾಗಿ ಬಿಡೋ ದೂರದಿಂದ ಬಿಡಿ. ಎರಡೂ ಒಂದೇ ಜಾಗಕ್ಕೆ ಬಿದ್ರೆ ಗರಿ ಸಾಕು ಅಂತ ಅರ್ಥ. ಬ್ರಾಡ್‌ಹೆಡ್ ಗುಂಪು ಬೇರೆ ಕಡೆ ಬಿದ್ರೆ ಮೊದಲು ಬಿಲ್ಲು ಟ್ಯೂನ್ ಮಾಡಿ, ಆಮೇಲೆ ಗರಿ ದೊಡ್ಡದು ಮಾಡಿ.

ಹಾಗಾದ್ರೆ ಯಾವಾಗ್ಲೂ ದೊಡ್ಡ ಗರಿನೇ ಹಾಕ್ಬಿಟ್ರೆ ಆಯ್ತಲ್ಲ?

ಆಗಲ್ಲ. ದೊಡ್ಡ ಗರಿ ಬಿಲ್ಲಿನ ತಪ್ಪನ್ನ ಮುಚ್ಚಿಡತ್ತೆ, ತೆಗೆಯಲ್ಲ. ಅಡ್ಡಗಾಳಿ ಬಂದ್ರೆ ದೊಡ್ಡ ಗರಿನೇ ಜಾಸ್ತಿ ಸಿಕ್ಕಾಕೊಳ್ಳತ್ತೆ. ಗರಿ ಇಲ್ಲದ ಬರೀ ಶಾಫ್ಟ್ ಒಂದನ್ನ ಹತ್ತು ಹದಿನೈದು ಗಜದಿಂದ ಬಿಟ್ಟು ನೋಡಿ, ಗರಿ ಇರೋ ಬಾಣದ ಪಕ್ಕದಲ್ಲೇ ಹೆಚ್ಚುಕಮ್ಮಿ ನೆಟ್ಟಗೆ ನಾಟಿದ್ರೆ ನಿಮ್ಮ ಸ್ಪೈನ್, ನಾಕಿಂಗ್ ಪಾಯಿಂಟ್ (ದಾರದ ಮೇಲೆ ನಾಕ್ ಕೂರೋ ಜಾಗ) ಎಲ್ಲ ಸರಿ ಇದೆ. ಬರೀ ಶಾಫ್ಟ್ ನೆಟ್ಟಗೆ ಹೋಗೋ ಬಿಲ್ಲಿಗೆ ಸಣ್ಣ ಗರಿನೂ ಸಾಕು.

ಹೆಲಿಕಲ್, ಆಫ್‌ಸೆಟ್, ಸ್ಟ್ರೇಟ್ ಏನಿದು? ಲೆಫ್ಟ್ ವಿಂಗ್ ರೈಟ್ ವಿಂಗ್ ಅಂತ ಬೇರೆ ಬರ್ದಿರತ್ತೆ ಪ್ಯಾಕೆಟ್ ಮೇಲೆ.

ಸ್ಟ್ರೇಟ್ ಅಂದ್ರೆ ಶಾಫ್ಟಿನ ಉದ್ದಕ್ಕೆ ನೇರ. ಆಫ್‌ಸೆಟ್ ಅಂದ್ರೆ ಗರಿ ನೇರವೇ, ಒಂದೆರಡು ಡಿಗ್ರಿ ಓರೆ ಇಟ್ಟಿರ್ತಾರೆ. ಹೆಲಿಕಲ್ ಅಂದ್ರೆ ಗರಿನೇ ಶಾಫ್ಟ್ ಸುತ್ತ ತಿರುಚಿದ ಹಾಗೆ ಅಂಟಿಸೋದು, ಇದು ಬಾಣನ ಬೇಗ ಸುತ್ತಿಸತ್ತೆ, ಬ್ರಾಡ್‌ಹೆಡ್ಡಿಗೆ ಇದೇ ಒಳ್ಳೇದು.

ಹಕ್ಕಿಯ ಎಡ ರೆಕ್ಕೆ ಗರಿ ಒಂದು ಕಡೆ ಬಾಗಿರತ್ತೆ, ಬಲ ರೆಕ್ಕೆದು ಇನ್ನೊಂದು ಕಡೆ. ರೈಟ್ ವಿಂಗ್ ಗರಿಗೆ ರೈಟ್ ಹೆಲಿಕಲ್ ಕ್ಲಾಂಪ್ (ಅಂಟಿಸುವಾಗ ಗರಿ ಹಿಡಿಯೋ ಸಾಧನ), ಲೆಫ್ಟಿಗೆ ಲೆಫ್ಟ್. ಒಂದು ಬಾಣದ ಮೇಲೆ ಎರಡನ್ನ ಬೆರೆಸಬಾರದು, ಒಂದು ಒಂದು ಕಡೆ ಸುತ್ತಿಸಿದ್ರೆ ಇನ್ನೊಂದು ತಡೆಯತ್ತೆ. ನೀವು ಎಡಗೈಯವರಾ ಬಲಗೈಯವರಾ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ, ಯಾವ ಕ್ಲಾಂಪ್ ಇದ್ಯೋ ಆ ರೆಕ್ಕೆ ತಗೊಳ್ಳಿ. ಪ್ಲಾಸ್ಟಿಕ್ ವೇನಲ್ಲಿ ಎಡಬಲ ಇಲ್ಲ, ಆ ಗೋಜೇ ಇಲ್ಲ.

ಗರಿ ಸದ್ದು ಮಾಡತ್ತೆ ಅಂತಾರೆ, ಜಿಂಕೆಗೆ ಕೇಳ್ಸತ್ತಾ?

ಕೇಳ್ಸತ್ತೆ. ಹಕ್ಕಿ ಗರಿ, ಅದರಲ್ಲೂ ಹಿಂಭಾಗ ಚೂಪಾಗಿರೋ ಶೀಲ್ಡ್ ಕಟ್, ದೊಡ್ಡ ಹೆಲಿಕಲ್ ಇದ್ರೆ ಸುಯ್ ಅನ್ನತ್ತೆ. ಬಾಗಿದ ಪ್ಯಾರಾಬೋಲಿಕ್ ಕಟ್ ಸ್ವಲ್ಪ ಮೆತ್ತಗೆ. ಆದ್ರೆ ಪ್ರಾಣಿ ಬೆಚ್ಚಿ ಬಗ್ಗೋದು ಹೆಚ್ಚಾಗಿ ಬಿಲ್ಲಿನ ಸದ್ದಿಗೆ. ಇಪ್ಪತ್ತು ಗಜ ಅಂದ್ರೆ 60 ಅಡಿ, ಶಬ್ದ ಸೆಕೆಂಡಿಗೆ 1,100 ಅಡಿಗೂ ಜಾಸ್ತಿ ಹೋಗತ್ತೆ, ಹಾಗಾಗಿ ದಾರದ ಸದ್ದು 0.05 ಸೆಕೆಂಡಲ್ಲೇ ಅಲ್ಲಿ ತಲುಪತ್ತೆ, ಸೆಕೆಂಡಿಗೆ 270 ಅಡಿ ಹೋಗೋ ಬಾಣ ತಲುಪೋಕೆ 0.22 ಸೆಕೆಂಡ್ ಬೇಕು. ಮೊದಲು ಬಿಲ್ಲಿಗೆ ಸೈಲೆನ್ಸರ್ ಹಾಕಿ, ಗರಿ ಸದ್ದಿನ ಚಿಂತೆ ಆಮೇಲೆ ಮಾಡಿ.

ಟರ್ಕಿ ಕೋಳಿ ಗರಿನೇ ಯಾಕೆ? ನವಿಲುಗರಿ, ನಾಟಿ ಕೋಳಿ ಗರಿ ಆಗಲ್ವಾ?

ಟರ್ಕಿಯ ರೆಕ್ಕೆಯ ದೊಡ್ಡ ಗರಿ ಗಟ್ಟಿ, ಉದ್ದ, ಎಳೆಗಳು ಒಂದಕ್ಕೊಂದು ಸಣ್ಣ ಕೊಕ್ಕೆಗಳಿಂದ ಹಿಡ್ಕೊಂಡಿರತ್ತೆ, ಬಿಟ್ಕೊಂಡ್ರೂ ಬೆರಳಲ್ಲಿ ಸವರಿದ್ರೆ ಮತ್ತೆ ಸೇರ್ಕೊಳ್ಳತ್ತೆ. ಮಾಂಸಕ್ಕೆ ಅಂತ ಸಾಕೋ ಹಕ್ಕಿ ಆದ್ರಿಂದ ಗರಿ ಧಾರಾಳ ಸಿಗತ್ತೆ. ಅಮೆರಿಕದಲ್ಲಿ ಇನ್ನೊಂದು ಕಾರಣನೂ ಇದೆ, 1918 ರ ವಲಸೆ ಹಕ್ಕಿಗಳ ಕಾಯ್ದೆ ಪ್ರಕಾರ ಅಲ್ಲಿನ ಬಹುತೇಕ ಕಾಡುಹಕ್ಕಿಗಳ ಉದುರಿದ ಗರಿ ಇಟ್ಕೊಳ್ಳೋದೂ ತಪ್ಪು, ಟರ್ಕಿ ಆ ಪಟ್ಟಿಯಲ್ಲಿಲ್ಲ. ಸಾಕಿದ ಹೆಬ್ಬಾತಿನ ಗರಿನೂ ಚೆನ್ನಾಗಿರತ್ತೆ, ಹಿಂದಿನ ಕಾಲದಲ್ಲಿ ಯುರೋಪಿನಲ್ಲಿ ಅದೇ ಬಳಸ್ತಿದ್ದಿದ್ದು. ನಾಟಿ ಕೋಳಿ ಗರಿ ಮೆತ್ತಗೆ, ಮಕ್ಕಳ ಬಿದಿರು ಬಾಣಕ್ಕೆ ಸಾಕು, ಬ್ರಾಡ್‌ಹೆಡ್ ಹಿಂದೆ ನಿಲ್ಲಲ್ಲ.

ನವಿಲಿನ ವಿಷಯಕ್ಕೆ ಬಂದ್ರೆ, ಅದು ಶೆಡ್ಯೂಲ್ 1 ರ ಹಕ್ಕಿ, 1963 ರಿಂದ ನಮ್ಮ ರಾಷ್ಟ್ರಪಕ್ಷಿ. ಕಾಯ್ದೆಯಲ್ಲಿ ವಿನಾಯಿತಿ ಇರೋದು ಬಾಲದ ಗರಿಗೆ, ಬಾಲದ ಗರಿ ಬಾಣಕ್ಕೆ ಪ್ರಯೋಜನಕ್ಕೂ ಬರಲ್ಲ, ಬೇಕಾಗೋದು ರೆಕ್ಕೆ ಗರಿ. ಅದನ್ನ ಮುಟ್ಟಬೇಡಿ. ಕಾಡಲ್ಲಿ ಬಿದ್ದಿರೋ ಹದ್ದು, ಮಂಗಟ್ಟೆ ಗರಿ ಎಷ್ಟೇ ಚೆಂದ ಇದ್ರೂ ಅಲ್ಲೇ ಬಿಡಿ. ಟರ್ಕಿ ಸಾಕೋರು ಪರಿಚಯ ಇದ್ರೆ ರೆಕ್ಕೆ ಗರಿ ಕೇಳಿ, ಎಡ ಬಲ ಬೇರೆ ಮಾಡಿ ಒಣಗಿಸಿ, ದಂಟನ್ನ ಉದ್ದಕ್ಕೆ ಸೀಳಿ, ತಳನ ಮರಳು ಕಾಗದದಲ್ಲಿ ಸಮ ಮಾಡಿ. ತಾಳ್ಮೆ ಬೇಡೋ ಕೆಲಸ, ಆದ್ರೆ ತುಂಬ ಖುಷಿ ಕೊಡತ್ತೆ.

ಒಲಿಂಪಿಕ್ಸ್‌ನವರು ಹಾಕೋ ಸುರುಳಿ ವೇನ್ ಹಾಕ್ಬಹುದಾ?

ಸ್ಪಿನ್ ವಿಂಗ್ ಅಂತಾರಲ್ಲ, ತೆಳ್ಳನೆ ಹಾಳೆ ಥರ, ಟೇಪಲ್ಲಿ ಅಂಟಿಸೋದು. 70 ಮೀಟರಿನ ರೀಕರ್ವ್ ಗುರಿಗೆ ಅದು ತುಂಬ ಒಳ್ಳೇದು, ಹಗುರ, ಬಾಣ ಜೋರಾಗಿ ಸುತ್ತತ್ತೆ. 3ಡಿ ಬೊಂಬೆ ತೂರಿ ಆಚೆ ಹೋದ್ರೆ, ಲಂಟಾನ ಮುಳ್ಳಿಗೆ ಸಿಕ್ರೆ ಒಂದೇ ಸಲಕ್ಕೆ ಹರಿಯತ್ತೆ. ಬೇಟೆಗೆ ಬೇಡ. ಕಾಂಪೌಂಡ್ ಕಲೀತಿರೋ ಮಕ್ಕಳ ಅಪ್ಪ ಅಮ್ಮಂದಿರು ಕೂಡ ಕೇಳ್ತಿರ್ತಾರೆ, 2028 ರ ಲಾಸ್ ಏಂಜಲಿಸ್ ಒಲಿಂಪಿಕ್ಸಿಗೆ ಕಾಂಪೌಂಡ್ ಮಿಕ್ಸೆಡ್ ಟೀಮ್ ಸೇರಿದ ಮೇಲಂತೂ ಜಾಸ್ತಿ ಆಗಿದೆ. ಕಾಂಪೌಂಡಿನ 50 ಮೀಟರಿಗೆ ಎರಡಿಂಚಿಗಿಂತ ಕಮ್ಮಿ ಇರೋ ಗಿಡ್ಡ, ಗಟ್ಟಿ ವೇನ್ ಸಾಕು.

ಮೂರು ಹಾಕೋದಾ ನಾಲ್ಕಾ?

ಮೂರು. 120 ಡಿಗ್ರಿ ಅಂತರ, ಬೇರೆ ಬಣ್ಣದ ಒಂದು ಗುರುತಿಗೆ. ನಾಲ್ಕು ಹಾಕಿದ್ರೆ ಅನುಕೂಲ ಏನಂದ್ರೆ ಸ್ವಲ್ಪ ಗಿಡ್ಡ ವೇನ್ ಹಾಕಿ ಅಷ್ಟೇ ಎಳೆತ ಪಡೀಬಹುದು, ಬಾಣ ಯಾವ ಕಡೆ ತಿರುಗಿಸಿ ನಾಕ್ ಮಾಡಿದ್ರೂ ನಡೆಯತ್ತೆ, ಕತ್ತಲಲ್ಲಿ ಕೂತಿರೋರಿಗೆ ಅದು ಉಪಯೋಗ. ತೂಕ ಜಾಸ್ತಿ ಅನ್ನೋದು ಮರೀಬೇಡಿ.

ಫೆವಿಕ್ವಿಕ್ ಸಾಕಾ, ಸ್ಪೆಷಲ್ ಅಂಟು ತರಿಸ್ಬೇಕಾ?

ಫೆವಿಕ್ವಿಕ್ ಥರದ ಅಂಟು ಹಿಡಿಯತ್ತೆ. ಸಮಸ್ಯೆ ಎರಡು. ಒಂದು, ಅದು ಒಣಗಿದ ಮೇಲೆ ಗಾಜಿನ ಹಾಗೆ ಗಡುಸು, ವೇನ್ ಪಕ್ಕಕ್ಕೆ ಬಾಗಿದಾಗ ಚಟ್ ಅಂತ ಬಿಡತ್ತೆ. ಆರ್ಚರಿಗೇ ಮಾಡಿರೋ ಅಂಟು ಸ್ವಲ್ಪ ಬಾಗತ್ತೆ, ಸಿಕ್ರೆ ಅದೇ ತಗೊಳ್ಳಿ. ಎರಡನೇದು ನಮ್ಮ ಊರಿನದ್ದು: ಈ ಅಂಟು ಒಣಗೋದೇ ಗಾಳಿಯ ತೇವದಿಂದ, ಮಳೆಗಾಲದಲ್ಲಿ ನಮ್ಮಲ್ಲಿ ತೇವಕ್ಕೇನು ಕಮ್ಮಿ, ಕ್ಲಾಂಪ್ ಸರಿ ಕೂರಿಸೋದ್ರೊಳಗೆ ಹಿಡ್ಕೊಂಡಿರತ್ತೆ, ಸುತ್ತ ಬೆಳ್ಳಗೆ ಪುಡಿ ಥರ ಕೂರತ್ತೆ. ಬಾಟಲಿ ಒಳಗೂ ಅಷ್ಟೇ, ಒಂದ್ಸಲ ತೆಗೆದ್ರೆ ವಾರದಲ್ಲಿ ಕಲ್ಲು. ಬಿಗಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಹಾಕಿ ಫ್ರಿಜ್ಜಲ್ಲಿಡಿ, ಆದಷ್ಟೂ ಒಣ ದಿನ ನೋಡಿ ಅಂಟಿಸಿ.

ಅಂಟಿಗಿಂತ ಮುಖ್ಯ ಒರೆಸೋದು. ಹಳೇ ಅಂಟನ್ನ ಮೊಂಡು ಚಾಕುವಲ್ಲಿ ಮೆಲ್ಲ ಹೆರೆದು ತೆಗೀರಿ, ಕಾರ್ಬನ್ ಕೆರೀಬಾರದು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಶಾಫ್ಟ್ ಒರೆಸಿ, ವೇನಿನ ತಳನೂ ಒರೆಸಿ, ಒರೆಸಿದ ಮೇಲೆ ಬೆರಳು ತಾಗಿಸ್ಬೇಡಿ. ತೆಂಗಿನೆಣ್ಣೆ ಹಚ್ಚಿದ ತಲೆ ಸವರಿದ ಕೈಯಲ್ಲಿ ಮುಟ್ಟಿದ್ರೆ ಯಾವ ಅಂಟೂ ನಿಲ್ಲಲ್ಲ. ಕೊನೆಗೆ ಪ್ರತಿ ಗರಿಯ ಮುಂದಿನ ತುದಿಗೆ, ಹಿಂದಿನ ತುದಿಗೆ ಒಂದೊಂದು ಹನಿ ಅಂಟು ಇಡಿ, ಬಿಡೋದು ಯಾವಾಗ್ಲೂ ತುದಿಯಿಂದಲೇ. ಹಕ್ಕಿ ಗರಿಯ ಮುಂದಿನ ದಂಟಿಗೆ ದಾರ ಸುತ್ತಿ ಅಂಟು ಸವರಿದ್ರೆ ಇನ್ನೂ ಭದ್ರ, ದಂಟು ಎದ್ದು ನಿಂತ್ರೆ ಬಾಣ ಬಿಡುವಾಗ ಕೈಗೇ ಚುಚ್ಚತ್ತೆ.

ಜಿಗ್ (ಗರಿನ ಸರಿ ಜಾಗಕ್ಕೆ ಕೂರಿಸೋ ಸಾಧನ) ಇಲ್ದೆ ಕೈಯಲ್ಲೇ ಅಂಟಿಸ್ಬಹುದಾ?

ಒಂದು ಗರಿ ಕಿತ್ತು ಬಂದಿದ್ರೆ ಆ ಗುರುತಿನ ಮೇಲೇ ಅಂಟಿಸಿ ದಿನ ಕಳೀಬಹುದು. ಇಡೀ ಸೆಟ್ಟಿಗೆ ಜಿಗ್ ಬೇಕೇ ಬೇಕು, ಹನ್ನೆರಡು ಬಾಣನೂ ಒಂದೇ ಥರ ಇರ್ಬೇಕಲ್ಲ. ಬಿಟ್ಜನ್‌ಬರ್ಗರ್ ಕಂಪನಿಯ ಜಿಗ್ ಜೀವಮಾನಕ್ಕೆ ಬರತ್ತೆ, ದುಬಾರಿ, ನಾಲ್ಕು ಜನ ಸೇರಿ ತಗೊಂಡು ಹಂಚ್ಕೊಳ್ಳಿ. ಪ್ಲಾಸ್ಟಿಕ್ ಜಿಗ್ ಕೂಡ ಕೆಲಸ ಮಾಡತ್ತೆ.

ವೇನ್ ಎಲ್ಲಾದ್ರೂ ತಾಗ್ತಿದೆಯಾ ಅಂತ ಹೇಗೆ ಗೊತ್ತಾಗತ್ತೆ?

ವೇನಿನ ಅಂಚಿಗೆ ಲಿಪ್‌ಸ್ಟಿಕ್ ಸವರಿ ಬಿಡಿ, ರೆಸ್ಟ್ ಮೇಲೋ ಕೇಬಲ್ ಮೇಲೋ ಕೆಂಪು ಕಂಡ್ರೆ ತಾಗ್ತಿದೆ. ನಾಕ್ ಸ್ವಲ್ಪ ತಿರುಗಿಸಿ ಮತ್ತೆ ಬಿಡಿ.

ಯಾವ ಬಣ್ಣ?

ಹಸಿರು ಬೇಡ, ಕಂದು ಬೇಡ, ನಮ್ಮ ದರಗಿನಲ್ಲಿ ಬಿದ್ರೆ ಸಿಗೋದೇ ಇಲ್ಲ. ಮಿಂಚು ಕಿತ್ತಳೆ, ಗುಲಾಬಿ ಬಣ್ಣ ನಮ್ಮ ಕಣ್ಣಿಗೆ ದೂರದಿಂದ ಕಾಣತ್ತೆ, ಜಿಂಕೆಗೆ ಕೆಂಪು ಕಿತ್ತಳೆ ಸರಿಯಾಗಿ ಕಾಣಲ್ಲ, ನೀಲಿ ಚೆನ್ನಾಗಿ ಕಾಣತ್ತೆ. ಬಿಳಿ ಬತ್ತಳಿಕೆಯಲ್ಲಿ ಅಲ್ಲಾಡಿದ್ರೆ ಜಿಂಕೆ ಗಮನಿಸತ್ತೆ ಅಂತ ಕೆಲವರು ಬಿಳಿ ಹಾಕಲ್ಲ, ಆದ್ರೆ ಬೇಟೆಯವರಿಗೆ ತಿಳಿ ಬಣ್ಣದ ಗರಿಯಿಂದ ದೊಡ್ಡ ಉಪಕಾರ ಇದೆ. ತೂರಿ ಹೋದ ಬಾಣ ಎತ್ತಿ ನೋಡಿದಾಗ ರಕ್ತ ತಿಳಿಗೆಂಪಾಗಿ ನೊರೆ ಇದ್ರೆ ಶ್ವಾಸಕೋಶ, ಅರ್ಧ ಗಂಟೆ ಕಾದು ಹೋಗಿ. ಕಡುಗೆಂಪಾದ್ರೆ ಪಿತ್ತಜನಕಾಂಗ, ನಾಲ್ಕಾರು ಗಂಟೆ. ಹಸಿರು ಕಲೆ, ವಾಸನೆ ಇದ್ರೆ ಹೊಟ್ಟೆ, ಎಂಟರಿಂದ ಹನ್ನೆರಡು ಗಂಟೆ ತನಕ ಅದರ ಹಿಂದೆ ಹೋಗಬಾರದು, ಓಡಿಸಿದ್ರೆ ಸಿಗೋದೇ ಇಲ್ಲ, ಸುಮ್ನೆ ನರಳಿ ಸಾಯತ್ತೆ. ಕಪ್ಪು ಗರಿ ಮೇಲೆ ಇದ್ಯಾವುದೂ ಕಾಣಲ್ಲ.

ಮಡಚಿ ಹೋದ ಗರಿ, ಸುಕ್ಕಾದ ವೇನ್ ಬಿಸಾಕ್ಬೇಕಾ?

ಬೇಡ. ಹಕ್ಕಿ ಗರಿನ ಕುದಿಯೋ ನೀರಿನ ಹಬೆಗೆ ಸ್ವಲ್ಪ ಹೊತ್ತು ಹಿಡಿದು ತಿರುಗಿಸಿ, ತಾನಾಗೇ ಎದ್ದು ನಿಲ್ಲತ್ತೆ. ವೇನಾದ್ರೆ ಬಿಸಿನೀರಲ್ಲಿ ಅದ್ದಿ ಅಥವಾ ಹೇರ್ ಡ್ರೈಯರ್ ದೂರದಿಂದ ಹಿಡೀರಿ. ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಾಣ ಬಿಟ್ರೆ ಸುಕ್ಕಾಗೋದು ಖಂಡಿತ. ಹರಿದದ್ದು, ತುಂಡಾದದ್ದು ಬದಲಾಯಿಸಲೇಬೇಕು.

ಗರಿ ನೋಡುವಾಗ ಶಾಫ್ಟನ್ನೂ ನೋಡಿ. ಜಂಬಿಟ್ಟಿಗೆ ಧರೆಗೆ ಬಡಿದ ಕಾರ್ಬನ್ ಬಾಣ ಹೊರಗಿಂದ ಚೆನ್ನಾಗೇ ಕಾಣತ್ತೆ, ಎರಡೂ ತುದಿ ಹಿಡಿದು ಕಿವಿ ಹತ್ರ ಮೆಲ್ಲ ಬಾಗಿಸಿದ್ರೆ ಚಿಟಿ ಚಿಟಿ ಅನ್ನತ್ತೆ. ಅಂಥ ಬಾಣ ಬಿಟ್ರೆ ಬಿಲ್ಲಲ್ಲೇ ಸಿಡಿದು ಕೈಗೆ ಹೊಕ್ಕಬಹುದು. ಮುರಿದು ಬೇರೆ ಕಡೆ ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ.

ಈಗ ಶುರು ಮಾಡ್ತಿದೀನಿ, ಏನೇನ್ ತಗೊಳ್ಲಿ?

ಕಾಂಪೌಂಡ್ ಇದ್ರೆ ಎರಡಿಂಚಿನ ವೇನ್ ಒಂದು ಪ್ಯಾಕೆಟ್, ಕಿತ್ತಳೆ ಎರಡು ಪಾಲು, ಬೇರೆ ಬಣ್ಣ ಒಂದು ಪಾಲು. ಶೆಲ್ಫ್ ಮೇಲಿಂದ ಬಿಡೋ ಬಿಲ್ಲಾದ್ರೆ ನಾಲ್ಕಿಂಚಿನ ಟರ್ಕಿ ಗರಿ, ಎಲ್ಲ ಒಂದೇ ರೆಕ್ಕೆದು. ಜೊತೆಗೆ ಒಂದು ಜಿಗ್, ಅಂಟು, ಆಲ್ಕೋಹಾಲ್, ಹತ್ತಿ ಬಟ್ಟೆ. ಮೊದಲು ಮೂರು ಬಾಣಕ್ಕೆ ಮಾತ್ರ ಅಂಟಿಸಿ ಬಿಟ್ಟು ನೋಡಿ, ತಾಗ್ತಿಲ್ಲ ಅಂತ ಖಾತ್ರಿ ಆದ್ಮೇಲೆ ಉಳಿದಿದ್ದಕ್ಕೆ ಅಂಟಿಸಿ.